ಲಕ್ಕವ್ವನ ಪರವಾಗಿ ರುಜು ಹಾಕಿದವರಿಗೆ

ವಿಜಾಪುರ, ಮೇ ೧೯೪೬

ರಾಷ್ಟ್ರಗಳ ಮಹಾಸಂಘದಲ್ಲಿ ಹಿಂದೂಸ್ತಾನದ ಕುರ್ಚಿಯ ಮೇಲೆ ವಿರಾಜಮಾನರಾಗಿರುವ ಪ್ರತಿನಿಧಿ ಮಹಾಶಯರೇ,

ನಿಮ್ಮನ್ನು ಆರಿಸಿದವರು ಯಾರು? ಕ್ಷೇಮಸಮಾಚಾರಕ್ಕೆ ಮೊದಲೇ ಇದನ್ನು ಕೇಳುತ್ತಿರುವುದಕ್ಕೆ ನಾನು ಕ್ಷಮೆ ಬೇಡುವುದಿಲ್ಲ. ಕಳೆದ ವರ್ಷ ಅಮೇರಿಕೆಯಲ್ಲಿ ದೊಡ್ಡ ದೊಡ್ಡವರೆಲ್ಲ ಕೂಡಿ ಜಗತ್ತಿನ ಶಾಂತಿಗಾಗಿ ಒಂದು ಸನ್ನದು ಬರೆದರು. ಅದು "ನಾವು, ಜನರು" ಎಂದು ಶುರುವಾಗುತ್ತದೆಯಂತೆ. ಹಿಂದೂಸ್ತಾನದ ಹೆಸರಿನಲ್ಲಿಯೂ ರುಜು ಬಿತ್ತು. ಆ ರುಜು ಹಾಕಿದವರನ್ನು ಸರಕಾರ ನೇಮಿಸಿ ಕಳಿಸಿತ್ತೇ ಹೊರತು ಈ ದೇಶದ ಒಂದು ನರಪಿಳ್ಳೆಯೂ ಆರಿಸಿರಲಿಲ್ಲ. ಹಾಗಿದ್ದ ಮೇಲೆ ಆ "ನಾವು" ಎಂಬುದರೊಳಗೆ ನಮ್ಮನ್ನು ಯಾವ ಬಾಗಿಲಿನಿಂದ ಒಳಗೆ ತಂದಿರಿ? ನಾವಂತೂ ಆ ಹೊತ್ತಿನಲ್ಲಿ ವಿಜಾಪುರದಲ್ಲಿಯೇ ಇದ್ದೆವು.

ನಾನು ಸ್ಟೇಷನ್ ರಸ್ತೆಯ ಒಬ್ಬ ಜವಳಿ ವ್ಯಾಪಾರಿ. ನಮ್ಮ ಚುನಾವಣೆ ಅಪರಂಜಿ ಎಂದು ನಾನು ಹೇಳುವುದಿಲ್ಲ. ಕಂದಾಯ ಕಟ್ಟುವವನಿಗೆ, ನಾಲ್ಕಕ್ಷರ ಕಲಿತವನಿಗೆ ಮತ. ಅವನ ಹೊಲದಲ್ಲಿ ಕಳೆ ತೆಗೆಯುವ ತಿಪ್ಪವ್ವನಿಗೆ ಇಲ್ಲ. ಇದು ನಾಚಿಕೆಗೇಡು, ಅದನ್ನು ಬೇರೆ ಪತ್ರದಲ್ಲಿ ಬೇರೆ ಸಾಹೇಬರಿಗೆ ಬರೆದಿದ್ದೇನೆ. ಆದರೂ ಈ ಕುಂಟು ಚುನಾವಣೆ ಹೇಗೆ ನಡೆಯುತ್ತದೆಂಬುದನ್ನು ತಾವು ಒಮ್ಮೆ ನೋಡಬೇಕಾಗಿತ್ತು. ಈ ಸಲ ಪ್ರಾಂತದ ಶಾಸನಸಭೆಗೆ ಮತದಾನ ನಡೆದಾಗ ತಿಕೋಟೆಯ ಶಾಲೆಯಲ್ಲಿ ನಾನು ಒಬ್ಬ ಉಮೇದುವಾರರ ಏಜಂಟನಾಗಿ ಕುಳಿತಿದ್ದೆ. ಮೇಜಿನ ಹಿಂದೆ ಪುಣೆಯ ಕಡೆಯಿಂದ ಬಂದ ತರುಣ ಅಧಿಕಾರಿ. ಗಂಡನ ಹೊಲದ ಮೇಲೆ ಮತದ ಹಕ್ಕು ಪಡೆದ ಲಕ್ಕವ್ವ ಎಂಬಾಕೆ ಸೆರಗು ಹೊದ್ದು ಎದುರಿಗೆ ಬಂದು ನಿಂತಳು.

"ಗಂಡನ ಹೆಸರು?" ಎಂದರು ಅಧಿಕಾರಿಗಳು.

ಲಕ್ಕವ್ವ ತಲೆ ತಗ್ಗಿಸಿದಳು. ಮತ್ತೆ ಕೇಳಿದರು, ದನಿ ಎತ್ತರಿಸಿ ಕೇಳಿದರು. ಆಕೆ ತುಟಿ ಬಿಚ್ಚಲಿಲ್ಲ. ಹೆಸರು ಹೇಳದಿದ್ದರೆ ವಾಪಸು ಕಳಿಸಬೇಕಾಗುತ್ತದೆ ಎಂದಾಗ ಸರದಿಯಲ್ಲಿದ್ದ ಸಖೂಬಾಯಿ ಎಂಬಾಕೆಗೆ ಸಿಟ್ಟು ಬಂತು.

"ಸಾಹೇಬ್ರ, ಗಂಡನ ಹೆಸರ ಹಂಗ ಬರೇ ಬಾಯಿಲೆ ಹೇಳೂ ಪದ್ಧತಿ ನಮ್ಮಲ್ಲಿ ಇಲ್ರಿ. ಲಕ್ಕವ್ವ, ಒಡಪ ಹಾಕಬೇ!"

ಗಂಡನ ಹೆಸರನ್ನು ಪದ್ಯದೊಳಗಿಟ್ಟು ಹೇಳುವ ಈ ಒಡಪು ಮದುವೆಮನೆಯಲ್ಲಿ ಕೇಳುವಂಥದ್ದು. ಲಕ್ಕವ್ವ ಸೆರಗು ಸರಿಪಡಿಸಿಕೊಂಡು, ಮತಪೆಟ್ಟಿಗೆಯ ಕಡೆ ನೋಡಿ ಹೇಳಿದಳು:

"ಬಿಳಿಜ್ವಾಳದ ರೊಟ್ಟಿಗಿ ಬಟ್ಟಲ ತುಂಬ ತುಪ್ಪ,
ಓಟಿನ ಪೆಟಗಿ ಮುಂದ ಹೇಳತೇನಿ, ನಮ್ಮ ಯಜಮಾನ ಬಸಗೊಂಡಪ್ಪ!"

ಶಾಲೆಯೆಲ್ಲ ಗೊಳ್ಳೆಂದು ನಕ್ಕಿತು. ಆಕ್ಷೇಪಣೆ ಎತ್ತಿದವನು ನಾನು. ಹಾಡನ್ನು ಉತ್ತರವೆಂದು ಹಿಡಿಯಲಾಗದು ಎಂದೆ. ಆಕೆಯ ಮತ ಎದುರು ಪಕ್ಷಕ್ಕೆ ಹೋಗುವುದು ನನಗೆ ಗೊತ್ತಿತ್ತು, ಅಂಥದ್ದನ್ನು ತಡೆಯಲೆಂದೇ ನನ್ನನ್ನು ಅಲ್ಲಿ ಕೂರಿಸಿದ್ದರು. ಲಕ್ಕವ್ವ ನನ್ನತ್ತ ತಿರುಗಿ, "ಯಾಕ್ರಿ ಅಯ್ಯನವರ, ನಿಮ್ಮ ಮನ್ಯಾಗ ಅಮ್ಮಾರು ನಿಮ್ಮ ಹೆಸರ ಹಿಡದು ಕರಿತಾರೇನ್ರಿ?" ಎಂದಳು. ಅಧಿಕಾರಿಗಳು ನಗು ತಡೆದುಕೊಂಡು ನನ್ನ ಆಕ್ಷೇಪಣೆಯನ್ನು ತಳ್ಳಿಹಾಕಿದರು. ಆಕೆ ಮತ ಹಾಕಿದಳು. ನಮ್ಮ ಉಮೇದುವಾರರು ಸೋತರು. ಸೋತೆವೆಂದು ನಾವು ಒಪ್ಪಿಕೊಂಡೆವು, ಏಕೆಂದರೆ ಎಲ್ಲವೂ ನನ್ನ ಕಣ್ಣೆದುರಿಗೇ ನಡೆದಿತ್ತು. ಮಹಾಶಯರೇ, ತಾವು ಒಳಗೆ ಹೋಗುವಾಗ ತಮ್ಮನ್ನು ತಡೆದು ಯಾರ ಹೆಸರಿನಲ್ಲಿ ಬಂದಿರಿ ಎಂದು ಕೇಳಿದವರು ಒಬ್ಬರಾದರೂ ಇದ್ದರೇ?

ಇದನ್ನೆಲ್ಲ ಕೆದಕುತ್ತಿರುವುದು ಸುಮ್ಮನೆ ಅಲ್ಲ. ಲಕ್ಕವ್ವನ ಒಬ್ಬನೇ ಮಗ ಮಲಗೊಂಡ ದಂಡಿನಲ್ಲಿದ್ದಾನೆ. ಕಾಳಗ ಮುಗಿದು ಪೇಢೆ ಹಂಚಿಯಾಯಿತು, ಹುಡುಗ ಮಾತ್ರ ಬರಲಿಲ್ಲ. ಡಚ್ಚರು ಆಳುತ್ತಿದ್ದ ಜಾವಾ ದ್ವೀಪಕ್ಕೆ ಇಂಗ್ಲಿಷರು ಅವನನ್ನು ಒಯ್ದರು. ಅಲ್ಲಿಯ ಜನ ಡಚ್ಚರು ನಮಗೆ ಬೇಡ, ನಾವು ಸ್ವತಂತ್ರರು ಎಂದು ಸಾರಿದ್ದಾರೆ. ಇಲ್ಲಿ ನಾವು ಯಾವ ಮಾತು ಹೇಳಿ ಜೇಲಿಗೆ ಹೋದೆವೋ ಅದೇ ಮಾತು ಹೇಳಿದವರ ಎದುರಿಗೆ ತಿಕೋಟೆಯ ಹುಡುಗ ಬಂದೂಕು ಹಿಡಿದು ನಿಲ್ಲಬೇಕು! ಫೆಬ್ರುವರಿಯಲ್ಲಿ ಈ ಸಂಗತಿ ಲಂಡನ್ನಿನಲ್ಲಿ ನಿಮ್ಮ ಸಂಘದ ಹನ್ನೊಂದು ಜನರ ಮಂಡಳಿಯ ಮುಂದೆ ಬಂತು. ಅಲ್ಲಿ ಇಂಗ್ಲಿಷರಿಗೆ ಖಾಯಂ ಕುರ್ಚಿ, ಡಚ್ಚರಿಗೂ ಕುರ್ಚಿ. ಸಿಪಾಯಿಗಳನ್ನು ಕೊಟ್ಟ ನಮಗೆ ಒಂದು ಮಣೆಯೂ ಇಲ್ಲ. ಮಾತಾಡಿದರು, ಏನನ್ನೂ ನಿರ್ಣಯಿಸದೆ ಎದ್ದರು. ಎಂಥ ವಿಶ್ವಶಾಂತಿ, ಎಂಥ ಪಂಚಾಯತಿ! ನಮ್ಮೂರಲ್ಲಿ ಬದುವಿನ ಜಗಳ ಬಿಡಿಸುವಾಗ ಕೂಡ ಬದು ಒತ್ತಿದವನನ್ನೇ ಪಂಚನನ್ನಾಗಿ ಮಾಡುವುದಿಲ್ಲ.

ನಮ್ಮನ್ನು ಸೋಲಿಸಿ ಗೆದ್ದ ಶಾಸಕರನ್ನು ಲಕ್ಕವ್ವ ಬಬಲೇಶ್ವರದ ಸಂತೆಯಲ್ಲಿ ಹಿಡಿದಳು. ನಾನೂ ಅಲ್ಲಿದ್ದೆ, ವೈರಿಯ ಫಜೀತಿ ನೋಡುವ ಸುಖಕ್ಕೆ.

"ನಿಮಗ ಓಟ ಹಾಕೇನಿ. ನನ್ನ ಮಗನ್ನ ತರಸ್ರಿ."

"ಯವ್ವಾ, ಅದು ನನ್ನ ಕೈಯಾಗಿಲ್ಲ. ದಿಲ್ಲಿಯವರ ಕೈಯಾಗೂ ಇಲ್ಲ."

"ಹಂಗಾದ್ರ ಮನಿ ಮುಂದ ಕೈ ಮುಗಕೊಂಡು ಯಾಕ ಬಂದಿದ್ರಿ? ಮುಂದಿನ ಸಲ ಬರ್ರಿ, ನೋಡ್ತೇನಿ!"

ಸಂತೆಯೆಲ್ಲ ಕೇಳುತ್ತಿತ್ತು. ಶಾಸಕರು ಬಿಸಿಲಲ್ಲಿ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಅಲ್ಲಿಯೇ ಒಂದು ಅರ್ಜಿ ಬರೆಸಿ ರುಜು ಹಾಕಿದರು. ನನಗೆ ಅವರನ್ನು ಕಂಡರಾಗದು. ಆದರೆ ಆ ದಿನ ಅವರು ಬೈಸಿಕೊಂಡ ರೀತಿಗೆ ಮನಸ್ಸಿನಲ್ಲಿಯೇ ಶಹಬ್ಬಾಸ್ ಎಂದೆ.

ಆ ಅರ್ಜಿ ಊರೂರು ತಿರುಗಿ ತಮ್ಮ ಕಚೇರಿಯನ್ನೂ ಮುಟ್ಟಿತು. ಉತ್ತರವೂ ಬಂತು, ಬಹಳ ಒಳ್ಳೆಯ ಕಾಗದದ ಮೇಲೆ. ಸಂಘದ ಮುಂದೆ ರಾಷ್ಟ್ರಗಳ ಸರಕಾರಗಳು ಮಾತ್ರ ಮಾತಾಡಬಹುದು, ಖಾಸಗಿ ವ್ಯಕ್ತಿಗಳ ಅಹವಾಲಿಗೆ ಅಲ್ಲಿ ಅವಕಾಶವಿಲ್ಲ ಎಂದು. ವಾಹ್ವಾ! ರುಜು ಹಾಕುವಾಗ "ನಾವು, ಜನರು". ತಾಯಿಯೊಬ್ಬಳು ಬಾಗಿಲು ಬಡಿದರೆ ಜನರಿಗೆ ಪ್ರವೇಶವಿಲ್ಲ. ಇಷ್ಟು ಹಸಿಸುಳ್ಳು ಹೇಳಿ ನಾನು ಒಂದು ಗಜ ಮಾದರಪಾಟು ಬಟ್ಟೆಯನ್ನು ಕೂಡ ಮಾರಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಮಲಗೊಂಡನನ್ನೂ ಅವನ ಜೊತೆಯವರನ್ನೂ ಜಾವಾದಿಂದ ಕರೆಸಿರೆಂದು ಆ ಸಭೆಯಲ್ಲಿ ಎದ್ದು ನಿಂತು, ಗಟ್ಟಿಯಾಗಿ ಕೇಳಿ. ಅಷ್ಟು ಎದೆ ಇಲ್ಲದಿದ್ದರೆ ಆ ಸನ್ನದಿನಿಂದ "ಜನರು" ಎಂಬುದನ್ನು ಹೊಡೆದುಹಾಕಿ "ಸರಕಾರಗಳು" ಎಂದು ಬರೆಯಿರಿ. ಅಷ್ಟಾದರೂ ಪ್ರಾಮಾಣಿಕತೆ ಇರಲಿ.

ತಮ್ಮ ಉತ್ತರವನ್ನು ನಾನು ಲಕ್ಕವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಆಕೆ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಕಾಗದವನ್ನು ತಿರುಗಿಸಿ ನೋಡಿ ಕೇಳಿದಳು: "ಅಯ್ಯನವರ, ಅಲ್ಲಿ ಕುಂತಾವ್ರನ್ನ ಸೋಲಸೂದು ಹ್ಯಾಂಗ್ರಿ? ಓಟ ಯಾವಾಗ ಐತಿ?"

ಮಹಾಶಯರೇ, ಅಂಥ ಓಟು ಇಲ್ಲವೇ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ. ಈಗ ವಾರಕ್ಕೊಮ್ಮೆ ಅಂಗಡಿಗೆ ಬಂದು, ತಾರೀಖು ಗೊತ್ತಾಯಿತೇ ಎಂದು ಕೇಳುತ್ತಾಳೆ.

ಇಂತಿ,
ಸೋಲಿಸುವ ದಾರಿ ತಿಳಿಯದೆ ತಮ್ಮ ಪ್ರಜೆಯಾಗಿ ಉಳಿದಿರುವ,
ಗುರುಪಾದಯ್ಯ
ಜವಳಿ ವ್ಯಾಪಾರಿ, ಸ್ಟೇಷನ್ ರಸ್ತೆ, ವಿಜಾಪುರ