ಕಂಬಕ್ಕೆ ಹೇಳಿದ ಮಾತು

೨೧ ಜನವರಿ ೧೯೫೪, ಬನಹಟ್ಟಿ. ಮಧ್ಯಾಹ್ನ

ಇವತ್ತೂ ರೊಟ್ಟಿ ಹರಿಯಿತು. ಅತ್ತೆ ಬೈಯಲಿಲ್ಲ, ನಕ್ಕರು. ಹರಿದದ್ದನ್ನೆಲ್ಲ ಮಹಾಲಿಂಗಪ್ಪ ತಿಂದು, ಛಲೋ ಆಗೇತಿ ಅಂದರು. ಎಂಥ ಸ್ವೀಟ್ ಮನುಷ್ಯ! ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಸರಿ. ಬರೆಯಬಾರದು ಅಂತ ಯಾರೂ ಹೇಳಿಲ್ಲವಲ್ಲ. ಮಹಾಲಿಂಗಪ್ಪ, ಮಹಾಲಿಂಗಪ್ಪ, ಮಹಾಲಿಂಗಪ್ಪ.

ಊಟ ಮುಗಿಸಿ ಇವರು ಅಂಗಡಿಗೆ. ಪಡಸಾಲೆಯಲ್ಲಿ ಮಗ್ಗದ ಸಪ್ಪಳ. ನೇಯುವವರು ಭಾವ, ಇವರ ಅಣ್ಣ ವಿಠೋಬಾ. ಮದುವೆಯಾಗಿಲ್ಲ. ಯಾರ ಮುಖವನ್ನೂ ನೋಡುವುದಿಲ್ಲ, ಯಾರ ಜೊತೆಗೂ ಮಾತಿಲ್ಲ. ಮೈ ಮುಟ್ಟಿದರೆ ಚೀರುತ್ತಾರೆ. ನೀರಿನ ತಂಬಿಗೆ ಒಂದು ಗೇಣು ಸರಿದರೂ ಅದು ಜಾಗಕ್ಕೆ ಬರುವವರೆಗೆ ಕೈ ಆಡುವುದಿಲ್ಲ. ಗದ್ದಲ ಆಗದು, ಅದಕ್ಕೇ ಸದಾ ಕಿವಿ ಗಲ್ಲ ಸುತ್ತಿ ಒಂದು ವಸ್ತ್ರ. ಓಣಿಯವರು ಹುಚ್ಚ ಅನ್ನುತ್ತಾರೆ. ನನಗಂತೂ ಹಾಗೆ ಕಾಣಿಸಿಲ್ಲ.

ಕಾಣಿಸುವುದಾದರೂ ಹೇಗೆ! ಭಾವನ ಮುಂದೆ ತಲೆತುಂಬ ಸೆರಗು ಹೊದ್ದಿರಬೇಕು. ನೇರ ಮಾತಾಡುವ ಹಾಗಿಲ್ಲ. ಏನಾದರೂ ಹೇಳುವುದಿದ್ದರೆ ಕಂಬಕ್ಕೆ ಹೇಳು, ಅವನಿಗೆ ಕೇಳಿಸ್ತದ ಅಂತ ಅತ್ತೆಯ ಅಪ್ಪಣೆ. ಬೆಳಗಾವಿ ಕಾನ್ವೆಂಟಿನ ಗೆಳತಿಯರು ಕೇಳಿದರೆ ಉರುಳಾಡಿ ನಗುತ್ತಾರೆ. ಆದರೂ ಇವತ್ತು ಮಗ್ಗದ ಪಕ್ಕದ ಕಂಬದ ಹತ್ತಿರ ನಿಂತು, ನಗು ತಡೆದುಕೊಂಡು, "ಕಂಬ, ಭಾವಾರಿಗೆ ಊಟಕ್ಕ ಬರ್ರಿ ಅಂತ ಹೇಳು" ಅಂದೆ.

ಮಗ್ಗ ನಿಂತಿತು.

"ಕಂಬ, ಬರ್ತೇನಂತ ಹೇಳು."

ಅಡುಗೆಮನೆಯಲ್ಲಿ ಅತ್ತೆಯ ಕೈಯಿಂದ ಸವಟು ಬಿತ್ತು.

೨೪ ಜನವರಿ

ದಿನಾ ಮಾತು! ನೂಲು ಬೇಕೇ, ನೀರು ಬೇಕೇ, ಎಲ್ಲ ಕಂಬದ ಮೂಲಕ. ಅಂಚಿನ ಕೆಂಪು ನೂಲು ಮುಗಿಯಿತು ಅಂತ ನಿನ್ನೆ ಭಾವ ತಾವೇ ಕಂಬಕ್ಕೆ ಹೇಳಿದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಅವರು ಮಗನ ಗಲ್ಲ ಹಿಡಿದು, ಮುಖ ತನ್ನ ಕಡೆ ತಿರುಗಿಸಿಕೊಂಡು ಕೇಳುತ್ತಿದ್ದರಂತೆ. ಭಾವ ಬಾಯಿ ಬಿಗಿ ಹಿಡಿಯುತ್ತಿದ್ದರಂತೆ. ಮುಖಕ್ಕೆ ಮುಖ ಕೊಟ್ಟು ಕೇಳಿದರೆ ನನಗೂ ಕಾನ್ವೆಂಟಿನ ಮದರ್ ಸುಪೀರಿಯರ್ ಎದುರು ಸ್ವಂತ ಹೆಸರೇ ಮರೆಯುತ್ತಿತ್ತು.

ಸೆರಗು ಹೊದ್ದ ಸೊಸೆಗೆ ಓಣಿಯಲ್ಲೆಲ್ಲ ಹೊಗಳಿಕೆ. ನನ್ನ ಪೌಡರ್ ಮಾತ್ರ ದಂಡ.

೩೦ ಜನವರಿ

ಬರೆಯಲು ಮನಸ್ಸೇ ಇರಲಿಲ್ಲ. ಭಾವ ಊಟ ಬಿಟ್ಟಿದ್ದಾರೆ. ನಿನ್ನೆಯಿಂದ ಮಗ್ಗಕ್ಕೂ ಇಳಿದಿಲ್ಲ. ಗೋಡೆಗೆ ತಲೆ ಒರಗಿಸಿ ಕೂತು ಒಂದೇ ಮಾತು: "ಬಾಯಿ ತಗಿ, ನೋಡೂನು... ಬಾಯಿ ತಗಿ, ನೋಡೂನು." ದನಿ ಅವರದಲ್ಲ, ತೀರಿಹೋದ ಮಾವನವರದಂತೆ. ಹಳೆಯ ಮಾತುಗಳನ್ನು ಹೀಗೆ ಆಡಿದವರ ದನಿಯಲ್ಲೇ ಆಡುವುದು ಅವರ ರೂಢಿ ಅಂತ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಕ್ಕದ ಮನೆಯ ಅನಸವ್ವ ಮಜ್ಜಿಗೆ ಕೇಳಲು ಬಂದವಳು, "ಹೊಸ ಸೊಸಿ ಕಾಲಿಟ್ಟಳು, ಗಂಡಮಗ ಊಟ ಬಿಟ್ಟ" ಅಂದಳು. ಅತ್ತೆ ಮಜ್ಜಿಗೆ ಕೊಡಲಿಲ್ಲ. ಆದರೆ ನನ್ನ ಕಡೆ ನೋಡಲೂ ಇಲ್ಲ.

೧ ಫೆಬ್ರುವರಿ

ಸೆರಗಿನ ಕೆಳಗಿಂದ ನನಗೆ ಕಾಣುವುದು ಭಾವನ ಕೈ ಮತ್ತು ತಾಟು, ಅಷ್ಟೇ. ಇವತ್ತು ಅದನ್ನೇ ನೋಡುತ್ತ ನಿಂತೆ. ರೊಟ್ಟಿ ಮುರಿದು ಬಾಯಿಗೆ ಒಯ್ದರು, ಮತ್ತೆ ತಾಟಿಗೆ ತಂದಿಟ್ಟರು. ನುಚ್ಚನ್ನು ಮಾತ್ರ ಮಜ್ಜಿಗೆಯಲ್ಲಿ ಕಲಸಿ ನುಂಗಿದರು, ಅಗಿಯುವ ಸಪ್ಪಳವೇ ಇಲ್ಲ. ತಟ್ಟನೆ ಹೊಳೆಯಿತು. ಅತ್ತೆಯನ್ನು ಕೇಳಿದೆ, ಮಾವನವರು ಬಾಯಿ ತೆಗೆ ಅಂದದ್ದು ಯಾವಾಗ? ಸಣ್ಣವನಿದ್ದಾಗ ಹಲ್ಲು ಬೇನೆ ಎದ್ದಿತ್ತಲ್ಲ, ಆಗ. ಹೇಳುತ್ತಲೇ ಅತ್ತೆ ಬಾಯಿಗೆ ಸೆರಗು ಹಿಡಿದರು.

ಕಂಬಕ್ಕೆ ಹೋಗಿ, ಎಲ್ಲಿ ನೋಯುತ್ತದೆ ಅಂತ ಕೇಳಿದೆ.

"ಕಂಬ, ಒಳಗ ಬಿಸಿ ಮೊಳಿ ಐತಿ."

ಅತ್ತೆ ಬಗ್ಗಿ ನೋಡಿದರು: ಆ ವಸ್ತ್ರದ ಕೆಳಗೆ ಗಲ್ಲ ಊದಿಕೊಂಡಿತ್ತು. ಇದುವರೆಗೆ ನಮಗೆ ಯಾರಿಗೂ ಕಂಡಿರಲಿಲ್ಲ.

೨ ಫೆಬ್ರುವರಿ. ಸಂಜೆ

ಇವರು ಜಮಖಂಡಿಗೆ ಹೋಗಿ ಡಾಕ್ಟರ್ ಕುಂಟೋಜಿಯವರನ್ನು ಕಂಡು ಬಂದರು. ಕೀವು ತುಂಬಿರಬೇಕು, ಬಿಟ್ಟರೆ ದವಡೆಯ ಎಲುಬಿಗೆ ಇಳಿಯುತ್ತದೆ, ಜೀವಕ್ಕೇ ಅಪಾಯ ಅಂದರಂತೆ. ನಾಳೆ ಇಲ್ಲಿಗೇ ಬರುತ್ತಾರೆ. ಗಟ್ಟಿ ಆಳುಗಳನ್ನು ಕರೆದು ಹಿಡಿಸಿರಿ ಅಂತಲೂ ಅಂದರಂತೆ.

ಹಿಡಿಸಬಾರದು ಅಂದೆ. ಭಾವ ಹುಡುಗನಿದ್ದಾಗ ಸಿಡುಬಿಗೆ ದೇವಿ ಹಾಕುವವರು ಬಂದು ನಾಲ್ಕು ಜನ ಹಿಡಿದಿದ್ದರಂತೆ. ಆ ಮಳೆಗಾಲವಿಡೀ ಅವರು ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲವಂತೆ. ಅತ್ತೆಯೇ ಹೇಳಿದ್ದು.

"ನಿಮ್ಮ ಕಾನ್ವೆಂಟಿನ್ಯಾಗ ಹಲ್ಲ ಕೀಳೂದೂ ಕಲಿಸ್ತಾರೇನ?" ಅಂದರು ಇವರು.

ನಮ್ಮ ಮೊದಲ ಜಗಳ. ನಾನು ಅತ್ತುಬಿಟ್ಟೆ. ಇವರು ಉಣ್ಣಲಿಲ್ಲ. ಆಮೇಲೆ ಬಂದು, ಅವ ನನ್ನ ಅಣ್ಣ, ಸತ್ತಗಿತ್ತರ ಏನ ಮಾಡ್ಲಿ ಅಂದರು. ಜಗಳ ಅಲ್ಲಿಗೇ ಮುಗಿಯಿತು. ಒಂದು ಸಲ ಕಂಬದ ಮೂಲಕ ನೋಡೋಣ ಅಂತ ಒಪ್ಪಿದರು.

೩ ಫೆಬ್ರುವರಿ

ಎಲ್ಲ ಕೆಡಿಸಿದೆ. ನಾನೇ.

ಡಾಕ್ಟರ್ ಬಂದರು. ದಪ್ಪ, ನಗುಮುಖ. ಅಣ್ಣನ ಕಡೆ ನೋಡಬ್ಯಾಡ್ರಿ, ಕಂಬದ ಜೊತೆ ಮಾತಾಡ್ರಿ ಅಂತ ಇವರು ಹೇಳಿದಾಗ ಡಾಕ್ಟರು ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ಪಾಪ, ಆದರೂ ಟೋಪಿ ತೆಗೆದು, "ನಮಸ್ಕಾರ್ರಿ ಕಂಬಪ್ಪನವರ" ಅಂದರು. ಭಾವ, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯ ಅಂಚಿನಲ್ಲಿ ಕೂತು ಕೇಳುತ್ತಿದ್ದರು. ಮುಖದ ವಸ್ತ್ರ ತಾವೇ ಬಿಚ್ಚಿದರು. ನನಗೆ ಎಷ್ಟು ಖುಷಿ ಆಯಿತೆಂದರೆ, ಸೆರಗು ಸರಿಸಿ, ಅವರ ಮುಖವನ್ನೇ ನೋಡಿ, "ಹೆದರಬ್ಯಾಡ್ರಿ ಭಾವಾರ, ನಾ ಇದ್ದೇನಿ" ಅಂದುಬಿಟ್ಟೆ.

ಭಾವ ಕುಣಿಯೊಳಗೆ ಇಳಿದು, ಮೊಣಕಾಲ ನಡುವೆ ತಲೆ ಹುದುಗಿಸಿದರು. ಮೇಲೆ ಬರಲೇ ಇಲ್ಲ. ಡಾಕ್ಟರ್ ಸಂಜೆಯ ಬಸ್ಸಿಗೆ ಹೋದರು. ನಾಳೆ ಮತ್ತೆ ಬರುತ್ತೇನೆ, ಅದಕ್ಕಿಂತ ತಡ ಮಾಡುವ ಹಾಗಿಲ್ಲ ಅಂದರು. ಭಾವನಿಗೆ ಜ್ವರ ಬಂದಿದೆ. ಇವರು ಗರಡಿಯ ಜಕ್ಕಪ್ಪನಿಗೆ ಹೇಳಿ ಬಂದಿದ್ದಾರೆ, ಇಬ್ಬರು ಮೂವರನ್ನು ಕರೆದುಕೊಂಡು ಬಾ ಅಂತ.

ಯಾರೂ ನನ್ನನ್ನು ಬೈಯುತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೪ ಫೆಬ್ರುವರಿ. ರಾತ್ರಿ ಊಟದ ಮೊದಲು

ಬೆಳಿಗ್ಗೆಯೇ ಸೆರಗು ಗಲ್ಲದವರೆಗೆ ಎಳೆದುಕೊಂಡು ಕಂಬಕ್ಕೆ ತಪ್ಪೊಪ್ಪಿಕೊಂಡೆ. ಭಾವ ಇನ್ನೂ ಕುಣಿಯಲ್ಲೇ ಇದ್ದರು. ಆಮೇಲೆ ಕಂಬಕ್ಕೆ, ಡಾಕ್ಟರ್ ಏನೇನು ಮಾಡುತ್ತಾರೆ ಅಂತ ಸಾಲಾಗಿ ಹೇಳಿದೆ. ಮೊದಲು ಲವಂಗದೆಣ್ಣೆ. ಆಮೇಲೆ ಸೂಜಿ. ಆಮೇಲೆ ಗಲ್ಲ ಜೋಮು ಹಿಡಿಯುತ್ತದೆ. ಆಮೇಲೆ ಇಕ್ಕಳ. ಆಮೇಲೆ ಉಪ್ಪುನೀರು. ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲ ಕುಣಿಯೊಳಗಿಂದ ನನ್ನ ದನಿಯಲ್ಲೇ ಬಂತು: "ಆಮೇಲೆ ಇಕ್ಕಳ. ಆಮೇಲೆ ಉಪ್ಪುನೀರು." ನನ್ನ ಬೆಳಗಾವಿ ರಾಗ ಎಷ್ಟು ಕೆಟ್ಟದಾಗಿದೆ ಅಂತ ಇವತ್ತೇ ಗೊತ್ತಾಯಿತು.

ಡಾಕ್ಟರ್ ಬಂದಾಗ ಜಕ್ಕಪ್ಪನ ಕಡೆಯವರು ಕಟ್ಟೆಯ ಮೇಲೆ ತೋಳು ತಿಕ್ಕುತ್ತ ಕೂತಿದ್ದರು. ಭಾವನಿಗೆ ಅವರ ದನಿ ಕೇಳಿಸಿತು.

"ಕಂಬ, ಹಿಡಿಬ್ಯಾಡ ಅಂತ ಹೇಳು. ಹಿಡಿಬ್ಯಾಡ."

ಇವರ ಮುಖ ನೋಡಲಾಗಲಿಲ್ಲ. ಎದ್ದು ಹೊರಗೆ ಹೋಗಿ, ಎಲ್ಲರನ್ನೂ ಚಹಾಕ್ಕೆ ಅಂತ ಓಣಿಯಾಚೆ ಕಳಿಸಿಬಿಟ್ಟರು. ಒಳಗೆ ಬಂದು ಕಂಬದ ಮುಂದೆ ನಿಂತರು. ಇವರಿಗೆ ಇದು ಮೊದಲ ಸಲ.

"ಕಂಬ, ನಮ್ಮಣ್ಣಗ ಹೇಳು. ಯಾರೂ ಹಿಡಿಯೂದಿಲ್ಲ. ನಾನೂ ಹಿಡಿಯೂದಿಲ್ಲ."

ಭಾವ ಮೇಲೆ ಬಂದರು. ಕಂಬಕ್ಕೆ ಬೆನ್ನು ಕೊಟ್ಟು, ನೂಲಿನ ಲಾಳಿ ಕೈಯಲ್ಲಿ ಹಿಡಿದು ಕೂತರು. ಕಣ್ಣು ಮುಚ್ಚಿ, ತಾವೇ ಬಾಯಿ ತೆಗೆದರು. ಡಾಕ್ಟರ್ ಒಂದೊಂದಕ್ಕೂ ಮೊದಲು ಕಂಬಪ್ಪನವರ ಅನುಮತಿ ಕೇಳಿದರು. "ಸೂಜಿ" ಅಂದರೆ ಭಾವ ಲಾಳಿ ಬಿಗಿ ಹಿಡಿಯುತ್ತಿದ್ದರು. ಒಂದು ಸಲ ಕೈ ಎತ್ತಿದರು, ಡಾಕ್ಟರ್ ನಿಲ್ಲಿಸಿದರು, ಕಾದರು. ಕೈ ಕೆಳಗಿಳಿಯಿತು. ನಾನು ಸೆರಗಿನೊಳಗೆ ಕಾನ್ವೆಂಟಿನ ಪ್ರಾರ್ಥನೆ, ಹೇಲ್ ಮೇರಿ, ಹೇಳುತ್ತಿದ್ದೆ, ಬನಶಂಕರಿ ಕ್ಷಮಿಸಲಿ.

ಹಲ್ಲು ಬಂತು! ಕೀವೂ. ಭಾವ ತಾವಾಗಿಯೇ ಉಪ್ಪುನೀರಿಗೆ ಕೈ ಚಾಚಿದರು. ಡಾಕ್ಟರ್ ಹಣೆ ಒರೆಸಿಕೊಂಡು, ನಮ್ಮ ದವಾಖಾನೆಗೂ ಒಂದು ಕಂಬ ಬೇಕ್ರೀ ಅಂದರು.

೮ ಫೆಬ್ರುವರಿ. ಬೆಳಿಗ್ಗೆ

ಜ್ವರ ಇಳಿದು ಎರಡು ದಿನ. ಮಗ್ಗ ಸೂರ್ಯನಿಗಿಂತ ಮೊದಲೇ ಶುರು. ಭಾವ ಮೊದಲಿನ ಹಾಗೇ ಇದ್ದಾರೆ. ತಂಬಿಗೆ ಸರಿದರೆ ಕೈ ನಿಲ್ಲುತ್ತದೆ, ಮುಟ್ಟಿದರೆ ಚೀರುತ್ತಾರೆ. ಯಾರೂ ಮುಟ್ಟುವುದಿಲ್ಲ ಈಗ. ನಿನ್ನೆ ಇವರು ಅಂಗಡಿಯ ಸುದ್ದಿಯೆಲ್ಲ ಕಂಬಕ್ಕೆ ಹೇಳುತ್ತ ಕೂತಿದ್ದರು, ನನಗೆ ಹೇಳುವುದನ್ನೂ ಬಿಟ್ಟು. ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಈಗ ಭಾವ ಊಟಕ್ಕೆ ಕೂತಿದ್ದಾರೆ. ರೊಟ್ಟಿ ಅಗಿಯುವ ಸಪ್ಪಳ ಇಲ್ಲಿಗೆ ಕೇಳಿಸುತ್ತಿದೆ. ಅತ್ತೆ ಪಡಸಾಲೆಗೆ ಹೋದರು. ನಾನು ಪೆನ್ ಎತ್ತಿ ಹಿಡಿದು ಕಿವಿಗೊಟ್ಟೆ.

"ಕಂಬ, ನನ್ನ ಮಗಗ ಏನ ಬೇಕು, ಕೇಳಪ್ಪ."

"ಕಂಬ, ಅವ್ವಗ ಶೇಂಗಾ ಹಿಂಡಿ ಹಾಕಂತ ಹೇಳು."

ಅತ್ತೆ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುತ್ತಿಲ್ಲ. ಮಗ ತಮ್ಮನ್ನು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲಂತೆ. ಅಡುಗೆಮನೆಗೆ ಓಡಿ ಬಂದರು. ಡಬ್ಬಿ ಹುಡುಕುವ ಸದ್ದು. ಮುಚ್ಚಳ ತೆಗೆದ ಸದ್ದು. ಅಯ್ಯೋ ದೇವರೇ, ಆ ಹಿಂಡಿ, ಆ ಚಟ್ನಿಪುಡಿ... ನಿನ್ನೆ ಮಾಳಿಗೆಯ ಮೇಲೆ ನಾನೂ ಮಹಾಲಿಂಗಪ್ಪನೂ ಒಂದು ಚೂರೂ ಬಿಡದೆ... ಅತ್ತೆ ಇತ್ತಲೇ ಬರು—