ಧಾರವಾಡದಾಕಿಯ ದನಿ

೮ ಫೆಬ್ರುವರಿ ೧೯೯೯, ಸೋಮವಾರ

ಒಂಬತ್ತಕ್ಕ ಗಾಡಿ ತಗದೆ. ಬಜಾರ, ಬಸ್‌ಸ್ಟ್ಯಾಂಡ್, ಎಪಿಎಂಸಿ, ತಿರುಗಿ ಬಜಾರ. ನಾಟಕ ಕಂಪನಿ ಪ್ರಚಾರ. 'ಸೊಸಿ ಬಂದ ಗಳಿಗಿ ಅರ್ಥಾತ್ ಮಾವನ ಮೀಸಿ' — ಹೆಸರ ಇಟ್ಟಾಂವಗ ದೊಡ್ಡ ಸಲಾಮ್. ಆಟೋದ ನೆತ್ತಿ ಮ್ಯಾಲೆ ಎರಡು ಮೈಕಿನ ಭೋಂಗಾ, ಹಿಂದಿನ ಸೀಟಿನಾಗ ಬ್ಯಾಟರಿ, ಆಂಪ್ಲಿಫಾಯರ್, ಟೇಪ್. ನಾ ಸುಮ್ಮನ ಹ್ಯಾಂಡಲ್ ಹಿಡಕೊಂಡು ಕುಂತಿದ್ದೆ. ಇಪ್ಪತ್ತಾರು ವರ್ಷ ಬೈಲಹೊಂಗಲದಾಗ ಮೈಕ್ ಹಿಡದು ಒದರಿದ ಪೀರಸಾಬ ಈಗ ಬರೇ ಡ್ರೈವರ್.

ರಂಜಾನ್ ಮುಗಿಯೂದ್ರಾಗ ಗಂಟಲ ಕೈ ಕೊಟ್ಟಿತ್ತು. ಡಾಕ್ಟರ್ ಬಾಯಾಗ ಕನ್ನಡಿ ಹಾಕಿ ನೋಡಿದ್ರು. ಒಳಗ ಸಣ್ಣ ಗಂಟ ಆಗ್ಯಾವ, ಮೂರು ತಿಂಗಳ ಒದರೂದು ಬಂದ್ ಅಂದ್ರು. ಒದರೂದು ಬಿಟ್ರ ನನಗ ಬ್ಯಾರೆ ಏನ ಬರತೈತಿ? ಅದಕ್ಕ ಮಗಳು ಜನ್ನತ ಮನ್ಯಾಗ ಕುಂತು ಕ್ಯಾಸೆಟ್ಟಿನಾಗ ಮಾತಾಡ್ತಾಳ, ನಾ ಊರಾಗ ಹಚ್ಚತೇನಿ. ಮಗಳು ಅಂತ ಯಾರಿಗೂ ಹೇಳಿಲ್ಲ. ಕಂಪನಿ ಮ್ಯಾನೇಜರ್ ನೀಲಪ್ಪ, ಯಾರ ದನಿ ಇದು ಅಂತ ಕೇಳಿದ. "ಧಾರವಾಡದಾಕಿ. ರೇಡಿಯೋದಾಗ ಮಾತಾಡ್ತಾಳ" ಅಂದೆ. ಬಾಯಾಗ ತಂತಾನಽ ಬಂತು. ಇಪ್ಪತ್ತೊಂದು ವರ್ಷದ ಹುಡುಗಿ, ನಿಕಾ ಆಗೂದೈತಿ. ನಾಟಕದ ಪೀರ್ಯಾ ಮಗಳನ್ನೂ ಭೋಂಗಾಕ್ಕ ಕಟ್ಟಿದ ಅಂತ ಮಂದಿ ಆಡಕೋಬಾರದು.

ಮಧ್ಯಾಹ್ನ ಶೆಟ್ಟೆವ್ವ — ಬಸ್‌ಸ್ಟ್ಯಾಂಡ್ ಎದುರಿಗೆ ಬಾಳೆಹಣ್ಣು ಮಾರಾಕಿ — ಗಾಡಿ ತಡದ್ಳು. "ಪೀರಣ್ಣಾ, ಇನ್ನೊಮ್ಮಿ ಹಚ್ಚೋ. ಆ ಹುಡುಗಿ ಮಾತ ಕೇಳೂಣು." ಹಚ್ಚಿದೆ. ಇಪ್ಪತ್ತಾರು ವರ್ಷದಾಗ ನನಗ ಇನ್ನೊಮ್ಮಿ ಅಂದವರು ಒಬ್ರೂ ಇಲ್ಲ. ಸಾಕ ಹೋಗೋ ಮಾರಾಯಾ ಅಂದವರು ಬಾಳ ಮಂದಿ ಅದಾರ.

೧೧ ಫೆಬ್ರುವರಿ

ಬುಕಿಂಗ್ — ೨೦ಕ್ಕ ಕಿತ್ತೂರ, ಆರ್ಕೆಸ್ಟ್ರಾ. ೨೮ಕ್ಕ ಎಂ.ಕೆ. ಹುಬ್ಬಳ್ಳಿ, ಸಕ್ಕರಿ ಕಾರಖಾನಿ ಕೆಲಸಗಾರರ ನಾಟಕ. ಮಾರ್ಚ್ ೭ಕ್ಕ ಸವದತ್ತಿ, ಭಜನಾ ಸ್ಪರ್ಧಾ. ಎಲ್ಲಾರದೂ ಒಂದಽ ಮಾತು. ಧಾರವಾಡದಾಕಿ ದನಿನಽ ಬೇಕು.

ನೀಲಪ್ಪನ ನಾಟಕಕ್ಕ ನಾ ಬರದ ಕೊಟ್ಟದ್ದು: "ಕಲಾಪ್ರೇಮಿಗಳೇ, ರಸಿಕ ಮಹಾಜನಗಳೇ, ಕಿಕ್ಕಿರಿದ ಜನಸಂದಣಿಯಲ್ಲಿ ಭರ್ಜರಿ ಯಶಸ್ವಿ ಪ್ರದರ್ಶನ..." ಜನ್ನತ ಓದಿ ಬಿದ್ದ ಬಿದ್ದ ನಕ್ಕಳು. "ಅಬ್ಬಾ, ಯಾರರ ಹಿಂಗ ಮಾತಾಡ್ತಾರೇನು?" ತಾನಽ ಬ್ಯಾರೆ ಮಾಡಿದ್ಳು. "ಅಕ್ಕಾರ, ಅವ್ವಾರ, ಇವತ್ತ ಒಲಿ ಜಲ್ದಿ ಆರಸ್ರಿ. ರೊಟ್ಟಿ ಗಂಟ ಕಟಗೊಂಡು ಬಂದ್ರೂ ನಡಿತೈತಿ. ನಿಮ್ಮ ಅತ್ತೀನೂ ಕರಕೊಂಡು ಬರ್ರಿ, ಈ ನಾಟಕ ಅವರಽ ಮೊದಲ ನೋಡಬೇಕು." ಇಷ್ಟಽ. ಇದೂ ಒಂದು ಪ್ರಚಾರ ಏನು ಅಂತ ಬೈದೆ.

ಮೊದಲನೇ ಆಟಕ್ಕ ಹೆಣಮಕ್ಕಳ ಕಡೆ ಕಾಲಿಡಾಕ ಜಾಗಾ ಇರಲಿಲ್ಲ. ಅತ್ತಿ-ಸೊಸಿ ಜೋಡಿ ಜೋಡಿಲೆ ಬಂದಿದ್ರು, ಕೈಯಾಗ ರೊಟ್ಟಿ ಗಂಟು.

ಮನಿಗೆ ಬಂದ ಕೂಡಲೆ ಕೇಳಿದ್ಳು, "ಎಷ್ಟ ಮಂದಿ ಬಂದಿದ್ರು ಅಬ್ಬಾ?" "ಅಷ್ಟಕ್ಕಷ್ಟ" ಅಂದೆ. ಆಕೀ ಮಾರಿ ಸಣ್ಣ ಆತು. ಯಾಕ ಹಂಗ ಅಂದೆ? ಹೊಟ್ಟಿಕಿಚ್ಚು, ಮತ್ತೇನು. ಇಲ್ಲಿ ಯಾರ ನೋಡಬೇಕಾಗೇತಿ, ಬರದ ಬಿಡತೇನಿ. ಸ್ವಂತ ಮಗಳ ಮ್ಯಾಲೆ ಹೊಟ್ಟಿಕಿಚ್ಚು.

೧೭ ಫೆಬ್ರುವರಿ, ಬುಧವಾರ

ಹಾಳಾತು. ಎಲ್ಲಾ ಹಾಳಾತು.

ಕಿತ್ತೂರ ಆರ್ಕೆಸ್ಟ್ರಾದ ಹೊಸ ಕ್ಯಾಸೆಟ್. ಹೊತ್ತಾಗಿತ್ತಂತ ಕೇಳಿ ನೋಡಲಿಲ್ಲ. ನಂದಽ ತಪ್ಪು. ಜನ್ನತ ಮಾತ ಮುಗಿಸಿ ಬಟನ್ ಒತ್ತಾಕ ಮರತಾಳ. ಎಪಿಎಂಸಿ ಗೇಟಿನ ಮುಂದ, ಹಮಾಲರು, ಚಕ್ಕಡಿ, ಲಾರಿ, ಎಲ್ಲಾ ಗಿಜಿಗಿಜಿ. "ಶನಿವಾರ ಸಂಜಿ ಆರಕ್ಕ, ಮರೀಬ್ಯಾಡ್ರಿ" ಅಂತ ಮುಗೀತು. ಮುಗಿದದ್ದಽ ತಡ, ಭೋಂಗಾದಾಗಿಂದ ನನ್ನ ಹೆಂಡತಿ ಕಾಶಿಂಬಿ — "ಏ ಜನ್ನತಾ! ಹಾಲ ಉಕ್ಕಾಕತ್ತಾವ! ಕಿವಿ ಎಲ್ಲಿ ಇಟ್ಟೀದಿ!"

ಗಡಿಬಿಡಿಯಾಗ ಬಂದ್ ಮಾಡಾಕ ಹೋಗಿ ಟೇಪ್ ಹಿಂದಕ್ಕ ತಿರುವಿದೆ. ಹಾಲು ಮತ್ತೊಮ್ಮಿ ಉಕ್ಕಿದ್ವು. ಹಮಾಲರು ಚೀಲ ಇಳಿಸಿ ನಗಾಕತ್ತಿದ್ರು. ಹಮಾಲ ಮಾಳಪ್ಪ ಅಂತೂ ನಗು ತಡೀಲಾರದ ಲೈಟಿನ ಕಂಬ ಹಿಡಕೊಂಡು ನಿಂತಿದ್ದ.

ಮನ್ಯಾಗ ಹೇಳಿದ್ರ ತಾಯಿ-ಮಗಳು ಕಣ್ಣಾಗ ನೀರ ಬರೂತನಕ ನಕ್ಕರು. ನನಗ ನಗು ಬರಲಿಲ್ಲ. ಹೆಸರು ಹೊರಬಿತ್ತಲ್ಲ.

೧೮ ಫೆಬ್ರುವರಿ

ಗಾಡಿ ಎಲ್ಲಿ ನಿಂತ್ರೂ — "ಸಾಹೇಬ್ರ, ಹಾಲ ಉಕ್ಕಾಕತ್ತಾವ!" ಚಾದಂಗಡಿಯಾಗ, ಪಾನ್‌ಪಟ್ಟಿಯಾಗ, ಎಲ್ಲಾ ಕಡೆ.

ನೀಲಪ್ಪ ಕರದು ಕೇಳಿದ. "ಜನ್ನತ ಅಂದ್ರ ನಿಮ್ಮ ಮಗಳಲ್ಲ?" ನಾಲಿಗಿ ನಿಂದ್ರಲಿಲ್ಲ. "ಹೌದು. ಧಾರವಾಡದಾಕಿ ನಮ್ಮ ಮನಿಗೇ ಬಂದು ರೆಕಾರ್ಡ್ ಮಾಡ್ತಾಳ. ಒಳಗ ನನ್ನ ಹೆಂಡತಿ ನನ್ನ ಮಗಳನ್ನ ಕರದಾಳ. ಅದು ಸಿಕ್ಕೊಂಡೈತಿ." ನಂಬಿದ. ನಂಬದಿದ್ರೂ ನಂಬಿದಂಗ ಮಾಡಿದ. "ಹಂಗಿದ್ರ ನಮ್ಮ ನಾಟಕದ ಕ್ಯಾಸೆಟ್ಟಿನಾಗೂ ಅದನ್ನಽ ಹಚ್ಚರಿ, ಮಂದಿಗೆ ಚಲೋ ಅನಸೇತಿ" ಅಂದ. ಇಂವನ ಬುದ್ಧಿಗೆ ಏನ ಅನ್ನೂದು.

೨೧ ಫೆಬ್ರುವರಿ, ರವಿವಾರ

ಕಾಶಿಂಬಿ ಅಣ್ಣ ಇಮಾಮಸಾಬ ಬಂದಿದ್ದ. ರಾಮದುರ್ಗದ ಸಂಬಂಧ ತಂದಾಂವ ಇವನಽ. ಹುಡುಗ ಉಮೇರ, ರೇಡಿಯೋ-ಟೇಪ್ ರಿಪೇರಿ ಅಂಗಡಿ ಇಟ್ಟಾನ. ಶಾಂತ ಹುಡುಗ. ಫೋಟೋ ನೋಡಿ ಎರಡೂ ಕಡೆ ಒಪ್ಪಿಗಿ ಆಗಿತ್ತು. ಜನ್ನತ ಫೋಟೋ ತಿರುಗಿ ಕೊಡಲಿಲ್ಲ, ಅದರಾಗ ತಿಳಕೊಂಡಿದ್ವಿ.

"ಗುರುವಾರ ಬರ್ತಾರಂತ. ಆದರ ಭಾವಾ, ಒಂದ ಮಾತು. ಹುಡುಗ ಸಾಮಾನ ತರಾಕ ಇಲ್ಲಿಗೆ ಬಂದಾಗ ಬಸ್‌ಸ್ಟ್ಯಾಂಡಿನಾಗ ನಿನ್ನ ಕ್ಯಾಸೆಟ್ ಕೇಳ್ಯಾನ. ಹಾಲ ಉಕ್ಕಿದ ಸುದ್ದೀನೂ ಅಲ್ಲಿಗೆ ಮುಟ್ಟೇತಿ. ಆ ದನಿ ಹುಡುಗೀದಽ ಏನು ಅಂತ ಕೇಳಾಕತ್ತಾರ."

ಕೇಳಾಕತ್ತಾರಂದ್ರ ಮುರಿಯಾಕ ನೆವ ಹುಡುಕಾಕತ್ತಾರ. ಮತ್ಯಾಕ ಕೇಳತಾರ?

ಇಮಾಮಸಾಬ ಹೋದ ಮ್ಯಾಲೆ ಜನ್ನತ ಅಂದ್ಳು, "ಹೂಂ, ನಂದಽ ಅನ್ನೂಣು ಅಬ್ಬಾ. ಕದ್ದೇವೇನು?" ಕಾಶಿಂಬೀನೂ ಆಕೀ ಕಡೀನಽ. "ಖರೇ ಹೇಳ್ರಿ. ನಾಳೆ ಗೊತ್ತಾದ್ರ ಏನ ಮಾಡ್ತೀರಿ?" ನನಗ ಸಿಟ್ಟು ನೆತ್ತಿಗೇರಿತು. ನಾ ಬೀದ್ಯಾಗ ಇರಾಂವ, ಮಂದಿ ಬಾಯಿ ನನಗ ಗೊತ್ತು, ನಿಮಗೇನ ಗೊತ್ತು ಅಂತ ಒದರಿದೆ. ಒದರೂದು ಅಂದ್ರೇನು, ಹಿಸ್ ಹಿಸ್ ಅಂತ ಹಾವಿನಂಗ ಬಂತು. ಇಬ್ರೂ ಸುಮ್ಮನಾದ್ರು. ನನ್ನ ಮಾತಿಗಲ್ಲ, ನನ್ನ ಗಂಟಲಕ್ಕ.

೨೪ ಫೆಬ್ರುವರಿ, ಸಂಜಿ

ನಾಳೆ ಬಂದವರು ಒಂದು ವೇಳೆ ಜನ್ನತನ ಬಾಯಿಲೆ ಆ ಮಾತು ಹೇಳಿಸಿ ನೋಡಿದ್ರ? ಹುಡುಗ ಟೇಪಿನ ಕೆಲಸದಾಂವ, ಕಿವಿ ಸೂಕ್ಷ್ಮ ಇರತಾವ.

ಜನ್ನತನ್ನ ಎದುರಿಗೆ ಕುಂದ್ರಿಸಿಕೊಂಡೆ. ಮೂಗಿನಾಗ ಮಾತಾಡು. ಉಸರ ನಡಕ ಕಡಿ. ಕಡೀ ಅಕ್ಷರ ನುಂಗು. ಮಾರಿ ಕೆಳಗ ಹಾಕು, ದನಿ ಎದಿಯಾಗಽ ಉಳೀಲಿ. ಯಾವ ಯಾವ ಚಾಳಿ ಬಿಡಾಕ ನನಗ ವರ್ಷಗಟ್ಟಲೆ ಹಿಡೀತೋ, ಅವನ್ನೆಲ್ಲಾ ಒಂದ ತಾಸಿನಾಗ ಕಲಿಸಿದೆ. ಆಕೀನೂ ಒಂದ ತಾಸಿನಾಗಽ ಕಲತ್ಳು.

"ಸಾಕೇನು ಅಬ್ಬಾ?" ಅಂದ್ಳು, ಅದಽ ಕೆಟ್ಟ ದನಿಯಾಗ. ಕೇಳಾಕ ಆಗಲಿಲ್ಲ. ಸಾಕು ಅಂದೆ.

೨೫ ಫೆಬ್ರುವರಿ, ಗುರುವಾರ

ಬಂದ್ರು, ಹೋದ್ರು. ಉಮೇರ, ಅವರ ತಂದಿ, ತಾಯಿ. ಒಳ್ಳೆ ಮಂದಿ. ಶಾವಿಗಿ ಸುರಕುಂಬಾ ಎರಡೆರಡು ಸಲ ಹಾಕಿಸಿಕೊಂಡ್ರು.

ತಂದಿ ಕೇಳಿದ್ರು. "ಆ ಪ್ರಚಾರದ ದನಿ...?" ನಾ ತಯಾರಽ ಇದ್ದೆ. ಧಾರವಾಡದಾಕಿ ಕಥಿ ಪೂರಾ ಹೇಳಿದೆ. ಆಕೀ ಗಂಡ ಬ್ಯಾಂಕಿನಾಗ ಅದಾನ ಅಂತನೂ ಸೇರಿಸಿದೆ. ಯಾಕ ಬೇಕಿತ್ತು!

ಉಮೇರ ಜನ್ನತ ಕಡೆ ನೋಡಿ ಮೆತ್ತಗ ಕೇಳಿದ, "ಬೇಜಾರ ಮಾಡಕೋಬ್ಯಾಡ್ರಿ. ಒಂದ ಸಾಲು ಹೇಳತೀರೇನು? ಒಲಿ ಜಲ್ದಿ ಆರಸ್ರಿ, ಅಂತ." ಹುಡುಗ ಆ ಸಾಲು ನೆನಪ ಇಟಗೊಂಡಿದ್ದ.

ಜನ್ನತ ನನ್ನ ನೋಡಿದ್ಳು. ನಾ ಛಾವಣಿ ನೋಡಿದೆ. ಹೇಳಿದ್ಳು. ಮೂಗಿನಾಗ, ಉಸರ ಕಡದು, ಕಡೀ ಅಕ್ಷರ ನುಂಗಿ. ಉಮೇರ "ಹಂ" ಅಂದ.

ಅವರ ಜೀಪ್ ಹೋದ ಮ್ಯಾಲೆ ನನಗ ಹಗುರಾತು. ಸಂಶೇ ಹೋತು, ಗೆದ್ದೆ ಅಂದೆ. ಕಾಶಿಂಬಿ ಮಾರಿ ತಿರುವಿದ್ಳು. ಜನ್ನತ ಬಟ್ಟಲಾ ತೊಳಿಯಾಕ ಕುಂತ್ಳು, ತೊಳದದ್ದನ್ನಽ ತೊಳದ್ಳು.

೯ ಮಾರ್ಚ್

ಸುದ್ದಿ ಇಲ್ಲ. ಹನ್ನೆರಡು ದಿನ ಆತು.

ನಿಕಾ ಆಗೂತನಕ ಕ್ಯಾಸೆಟ್ ಬ್ಯಾಡ ಅಂತ ನಾನಽ ಹೇಳೇನಿ. ಎಂ.ಕೆ. ಹುಬ್ಬಳ್ಳ್ಯಾಗ ನಾನಽ ಮೈಕ್ ಹಿಡದೆ. ಸವದತ್ತ್ಯಾಗೂ ನಾನಽ. ಕಲಾಪ್ರೇಮಿಗಳೇ ಅಂತ ಎರಡ ಸಲ ಅನ್ನೂದ್ರಾಗ ಉಗುಳಿನಾಗ ಕೆಂಪು. ಯಾರಿಗೂ ಹೇಳಿಲ್ಲ.

ಶೆಟ್ಟೆವ್ವ ಕೇಳಿದ್ಳು, "ಆ ಹುಡುಗಿ ಎಲ್ಲಿ ಹೋದ್ಳೋ?" "ಧಾರವಾಡಕ್ಕ" ಅಂದೆ. "ಅಯ್ಯ, ಊರಽ ಬಣಬಣ ಅನಸ್ತೈತಿ" ಅಂದ್ಳು.

ಮನೀನೂ ಹಂಗಽ. ಜನ್ನತ ಕೇಳಿದ್ದಕ್ಕಷ್ಟಽ ಮಾತು.

೧೪ ಮಾರ್ಚ್, ರವಿವಾರ

ಇಮಾಮಸಾಬ ಬಂದ. ಚಾ ಕುಡೀಲಿಲ್ಲ. ಅದರಾಗಽ ತಿಳೀತು.

"ಅವರು ಬ್ಯಾಡ ಅಂದ್ರು ಭಾವಾ."

ಯಾಕ? ದನಿ ಆಕೀದಲ್ಲ ಅಂತ ತೋರಿಸಿದ್ವೆಲ್ಲ!

ಇಮಾಮಸಾಬ ನನ್ನ ದಿಟ್ಟಿಸಿ ನೋಡಿದ. "ಅದಕ್ಕಽ. ಹುಡುಗಗ ಆ ದನೀನಽ ಹಿಡಿಸಿತ್ತು. ಈ ಹುಡುಗೀನಽ ಆದ್ರ ನನ್ನ ಪುಣ್ಯ ಅಂದಿದ್ನಂತ. ಖಾತ್ರಿ ಮಾಡಕೊಳ್ಳಾಕ ಕೇಳಿದ್ರು. ನನಗೂ ಈಗಽ ಗೊತ್ತಾದದ್ದು."

ಒಳಗ ಕಾಶಿಂಬಿ ಕೈಯಾಗಿನ ತಾಟು ಬಿತ್ತು. ಜನ್ನತ ಮನ್ಯಾಗ ಇರಲಿಲ್ಲ, ಓಣ್ಯಾಗಿನ ಬಾಯವ್ವನ ಮನಿಗೆ ಹೊಲಿಗಿ ಕಲಿಯಾಕ ಹೋಗಿದ್ಳು. ಆಕೀಗೆ ಹೇಳೂ ಧೈರ್ಯ ನಮಗಿಬ್ರಿಗೂ ಆಗಲಿಲ್ಲ.

೧೬ ಮಾರ್ಚ್, ಮಂಗಳವಾರ

ಯಾರಿಗೂ ಹೇಳದ ರಾಮದುರ್ಗದ ಬಸ್ ಹತ್ತಿದೆ. ಕಿಸೆದಾಗ ಕ್ಯಾಸೆಟ್.

ಉಮೇರ ಅಂಗಡಿಯಾಗ ಒಬ್ಬನಽ ಇದ್ದ. ಸಲಾಮ್ ಮಾಡಿದ, ಸ್ಟೂಲ್ ಕೊಟ್ಟ. ಕ್ಯಾಸೆಟ್ ಮುಂದಿಟ್ಟು, "ಇದು ನನ್ನ ಮಗಳಽ. ಆವತ್ತ ಸುಳ್ಳ ಹೇಳಿದೆ" ಅಂದೆ. ಇಷ್ಟ ಹೇಳಾಕ ಗಂಟಲದ ಜೋಡಿ ಕುಸ್ತಿ ಹಿಡದೆ.

ಕ್ಯಾಸೆಟ್ ಹಚ್ಚಲಿಲ್ಲ ಹುಡುಗ.

"ಗೊತ್ತಿತ್ತು ಮಾವಾರ. ಆವತ್ತಽ ಗೊತ್ತಾತು. ದನಿ ಎಷ್ಟ ಕೆಡಿಸಿದ್ರೂ ಆರಸ್ರಿ ಅನ್ನೂವಲ್ಲಿ ಅದಽ ಇತ್ತು. ಹೂಂ, ನನ್ನ ಮಗಳದಽ ಅಂತ ನೀವು ಅಂತೀರೇನಂತ ದಾರಿ ನೋಡಿದೆ. ನೀವು ಮ್ಯಾಲೆ ನೋಡಿದ್ರಿ."

"ಈಗ ಹೇಳಾಕತ್ತೇನಲ್ಲಪಾ..."

"ನಾ ಮನ್ಯಾಗ ಹೇಳಿದೆ, ಆಕೀದಽ ಅಂತ. ಅದಕ್ಕ ನಮ್ಮ ತಂದಿ ಅಂದ್ರು — ಹಡದ ಅಪ್ಪನಽ ಇಷ್ಟ ಮುಚ್ಚಿಡತಾನಂದ್ರ ಏನೋ ಕೆಟ್ಟದ್ದಽ ಇರಬೇಕು. ನಾ ಏನ ಹೇಳಿದ್ರೂ ಕೇಳಲಿಲ್ಲ, ಇಮಾಮಸಾಬರಿಗೆ ಅರ್ಧಽ ಹೇಳಿ ಕಳಿಸಿದ್ರು. ಹೋದ ವಾರ ಬ್ಯಾರೆ ಕಡೆ ಮಾತು ಮುಗಿಸಿ ಬಂದ್ರು."

ನಾ ಇನ್ನೂ ಕುಂತಽ ಇದ್ದೆ. ಹುಡುಗ ಚಾ ತರಿಸಿದ. ಬಸ್ಸಿನತನಕ ಬಂದ. ಕ್ಯಾಸೆಟ್ ಕೈಯಾಗಿಟ್ಟು, "ಆಕೀಗೆ ಹೇಳ್ರಿ, ಬಿಡಬಾರದಂತ" ಅಂದ. ಕಿಟಕಿಗೆ ಮಾರಿ ಹಚ್ಚಿ ಅತ್ತೆ. ಮಂದಿ ನೋಡಿದ್ರು. ನೋಡವಲ್ಲರ್ಯಾಕ.

೧೭ ಮಾರ್ಚ್

ಹೇಳಿದೆ. ಜನ್ನತನ್ನ ಕುಂದ್ರಿಸಿ ಎಲ್ಲಾ ಹೇಳಿದೆ. ಉಳದಿದ್ದ ದನೀನೆಲ್ಲಾ ಅದಕ್ಕಽ ಖರ್ಚ ಮಾಡಿದೆ.

ಬಯ್ಯಲಿಲ್ಲ. ಅಳಲಿಲ್ಲ. ಫೋಟೋ ತಂದು ತಾಯಿ ಕೈಯಾಗ ಕೊಟ್ಟು, ಹಿಟ್ಟ ನಾದಾಕ ಹೋದ್ಳು.

೧೯ ಮಾರ್ಚ್, ಸಂಜಿ ಐದು

ಮುಂಜಾನೆ ಎದ್ದಾಗ ದನೀನಽ ಇಲ್ಲ. ಪಿಸುಮಾತೂ ಇಲ್ಲ. ಡಾಕ್ಟರ್ ಬೆಳಗಾವಿಗೆ ಚೀಟಿ ಬರದ ಕೊಟ್ರು, ಆಪರೇಷನ್ ಬೇಕಾಗಬಹುದಂತ. ಅಲ್ಲೀತನಕ ಬಾಯಿಗೆ ಬೀಗ.

ಈಗ ಜನ್ನತ ಬಾಗಿಲದಾಗ ಬಂದು ನಿಂತಿದ್ಳು. ಮೂರ ವಾರ ಆದ ಮ್ಯಾಲೆ ತಾನಾಗಿ ಮಾತಾಡಿಸಿದ್ಳು.

"ಅಬ್ಬಾ, ಸಂಬಂಧ ಹೋದದ್ದಕ್ಕ ಕೇಳಾಕತ್ತಿಲ್ಲ. ನನ್ನ ದನಿ ಚಲೋ ಐತಿ ಅಂತ ನಿಮಗ ಗೊತ್ತಿತ್ತೇನು? ಶೆಟ್ಟೆವ್ವಗ ಗೊತ್ತೈತಿ, ನೀಲಪ್ಪಗ ಗೊತ್ತೈತಿ, ರಾಮದುರ್ಗದಾಗ ಗೊತ್ತೈತಿ. ನೀವು ಒಂದ ಸಲನೂ ಅನ್ನಲಿಲ್ಲ."

ಬಾಯಿ ತಗದೆ. ಬರೇ ಗಾಳಿ. ಮತ್ತ ತಗದೆ. ಗಾಳಿ. ಹೌದಂತ ತಲಿ ಅಲ್ಲಾಡಿಸೂದ್ರಾಗ ಆಕಿ ತಿರುಗಿ ಒಳಗ ಹೋಗಿಬಿಟ್ಟಿದ್ಳು. ಅಬ್ಬಾಗ ಉತ್ತರಽ ಇಲ್ಲ ಅಂತ ತಿಳಕೊಂಡಿರಬೇಕು.

ಅಡಗಿಮನ್ಯಾಗ ಅದಾಳ. ಹತ್ತು ಹೆಜ್ಜಿ ದೂರ. ಈ ಹಾಳಿ ಹರದು ಆಕೀ ಕೈಯಾಗ ಕೊಡತೇನಿ. ಅಕ್ಷರ ಸೊಟ್ಟ ಬರಾಕತ್ತಾವ. ಓದತಾಳ, ನನಕಿಂತ ಚಲೋ ಓದತಾಳ.

ಜನ್ನತಾ, ಗೊತ್ತಿತ್ತವ್ವಾ. ಮೊದಲನೇ ದಿನಽ ಗೊತ್ತಿತ್ತು. ನನಕಿಂತ ಚಲೋ ಐತಿ ನಿನ್ನ ದನಿ.