ಕತ್ತರಿಸಿದ ಕೊನೆಯ ಸಾಲು

ಫೆಬ್ರವರಿ ೪, ಸಂಜೆ ೭
ಕ್ರೀಡಾಪುಟದ ಉಪಸಂಪಾದಕನಾದ ನಾನು ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ — ಇವತ್ತೂ ದೇವರನ್ನು ಕತ್ತರಿಸಿದೆ. ಈ ವಾರ ಮೂರನೇ ಸಲ. ಮೊದಲು ಗುಂಡು ಎಸೆಯುವವನ ಬಾಯಿಂದ, ಆಮೇಲೆ ಒಬ್ಬ ಗೋಲ್‌ಕೀಪರನ ಬಾಯಿಂದ, ಈಗ ಸ್ವಂತ ತಂಗಿ ಗುಬ್ಬಿಯ ಬಾಯಿಂದ. ಅವಳಿಗೆ ಎಂಟುನೂರು ಮೀಟರ್ ಓಟದಲ್ಲಿ ಚಿನ್ನ. ವರದಿಯ ಕೊನೆಯ ಸಾಲು ಮಾಮೂಲಿ: 'ಎಲ್ಲ ದೇವರ ದಯೆ.' ಪುಟದ ಜಾಗಕ್ಕಿಂತ ಎರಡು ಸಾಲು ಹೆಚ್ಚಾಗಿತ್ತು. ಕೊನೆಯಿಂದ ಕತ್ತರಿಸುವುದು ನಮ್ಮ ಕಸುಬಿನ ಪದ್ಧತಿ. ಗೆದ್ದವರೆಲ್ಲ ದೇವರನ್ನು ಕೊನೆಗೇ ಇಟ್ಟುಕೊಂಡರೆ ನನ್ನ ತಪ್ಪೇ? ಆತ ಸರ್ವಾಂತರ್ಯಾಮಿ, ಮೂರನೇ ಕಾಲಂನಲ್ಲಿ ಪ್ರತ್ಯೇಕ ಸೀಟು ಬೇಕಿಲ್ಲ. ಓಡುವವರಿಗೆ ಕಾಲಿದ್ದರೆ ಸಾಕು. ನನಗೆ ಕಾಲವೂ ಕಡಿಮೆ, ಕಾಲಮ್ಮೂ ಕಡಿಮೆ.

ಆದರೂ ಒಂದು ಹೆಮ್ಮೆ. ಹನ್ನೊಂದು ವರ್ಷದಲ್ಲಿ ಕತ್ತರಿಸಿದ್ದುಂಟು, ಒಂದಕ್ಷರ ಸೇರಿಸಿದ್ದಿಲ್ಲ. ಸ್ವಂತ ಕೆಲಸಕ್ಕಂತೂ ದೇವರನ್ನು ಕರೆದದ್ದೇ ಇಲ್ಲ.

ಫೆಬ್ರವರಿ ೫, ಬೆಳಿಗ್ಗೆ
ಅಪ್ಪ ನಿವೃತ್ತ ಡ್ರಿಲ್ ಮಾಸ್ತರರು. ಗುಬ್ಬಿಗೆ ಓಟ ಕಲಿಸಿದವರೂ ಅವರೇ. ಜೊತೆಗೇ ಇನ್ನೊಂದನ್ನೂ ಕಲಿಸಿದರು: ಓಟಕ್ಕೆ ಮುಂಚೆ ಬಿಳಿ ಗೆರೆ ಮುಟ್ಟಿ ಕಣ್ಣು ಮುಚ್ಚುವುದು, ಗೆದ್ದರೆ ನಾಲ್ಕು ಜನರ ಮುಂದೆ ದೇವರ ಹೆಸರು ಹೇಳುವುದು. ಗೆಲುವು ತನ್ನದೇ ಅಂದುಕೊಂಡ ದಿನ ಕಾಲು ಭಾರವಾಗುತ್ತದೆ ಎಂಬುದು ಅವರ ಸಿದ್ಧಾಂತ. ಎರಡು ವರ್ಷದಿಂದ ಕಿವಿ ಪೂರ್ತಿ ಹೋಗಿದೆ. ಲೋಕದ ಸುದ್ದಿಯೆಲ್ಲ ಪೇಪರ್ ಮೂಲಕವೇ — ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾರೆ.

ಇವತ್ತು ಬೆರಳು ಕೊನೆಯ ಸಾಲು ದಾಟಿ ಕೆಳಗಿನ ಜಾಹೀರಾತಿಗೆ ಬಂದು ನಿಂತಿತು. 'ಎರಡು ವರ್ಷದಿಂದ ನೋಡ್ತಿದೀನಿ. ಗೆದ್ದಾಗ ಅವನ ನೆನಪೂ ಬರಲ್ವೇನಮ್ಮ?'

ಗುಬ್ಬಿ ಸ್ಲೇಟಿನ ಮೇಲೆ ಬರೆದಳು: ಪ್ರತಿ ಸಲ ಹೇಳಿದೀನಿ ಅಪ್ಪ.

'ಹೇಳಿದ್ರೆ ಇಲ್ಲಿ ಇರ್ತಿತ್ತು. ನಿಮ್ಮಣ್ಣ ಆ ಆಫೀಸಲ್ಲೇ ಕೂತಿರೋನು. ಅವನು ಬಿಡ್ತಾನಾ?'

ಇಬ್ಬರೂ ನನ್ನ ಕಡೆ ನೋಡಿದರು. ನಾನು ಕಾಫಿ ಊದುತ್ತಿದ್ದೆ. ಅದು ಆರಿ ಅರ್ಧ ಗಂಟೆಯಾಗಿತ್ತು.

ಫೆಬ್ರವರಿ ೯
ಅಪ್ಪ ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಿದ್ದಾರೆ. ಸ್ಟಾಪ್‌ವಾಚನ್ನು ಗುಬ್ಬಿಯ ಶೂ ಮೇಲೆ ಇಟ್ಟು ಒಳಗೆ ಹೋದರು. ಅವಳ ಜೊತೆ ಮಾತಿಲ್ಲ. ಮನೆಯಲ್ಲೀಗ ಕಿವುಡರು ಒಬ್ಬರು, ಮೂಗರು ಮೂವರು.

ಫೆಬ್ರವರಿ ೧೯
ಬಸ್ ಸ್ಟಾಪಿನಲ್ಲಿ ಗುಬ್ಬಿ ಸಿಕ್ಕಿಬಿದ್ದಳು. ತಪ್ಪು; ಸಿಕ್ಕಿಬಿದ್ದವನು ನಾನು.

'ಅಣ್ಣ, ನೀನೇ ತಾನೆ?'

ಜಾಗ ಇರಲಿಲ್ಲ ಅಂದೆ. ಎರಡು ವರ್ಷದಿಂದಲೂ ಇರಲಿಲ್ವಾ ಅಂದಳು. ರೇಗಲಿಲ್ಲ, ರೇಗಿದ್ದರೆ ಚೆನ್ನಾಗಿತ್ತು. ನೀನೇ ಅಪ್ಪನಿಗೆ ಹೇಳು, ನಾನು ಹೇಳಿದರೆ ಅವರು ನಂಬಲ್ಲ ಅಂದಳು. ನಾಳೆ ಹೇಳುವುದಾಗಿ ಒಪ್ಪಿದೆ.

ಅದಕ್ಕಿಂತ ಸುಲಭದ ದಾರಿ ಹೊಳೆದಿದೆ. ಮುಂದಿನ ತಿಂಗಳ ಎಂಟಕ್ಕೆ ದೊಡ್ಡ ಓಟ. ಗುಬ್ಬಿ ಗೆಲ್ಲುತ್ತಾಳೆ. ದೇವರ ಹೆಸರನ್ನು ತಲೆಬರಹದಲ್ಲೇ ಹಾಕುತ್ತೇನೆ. ಹಳೆಯದನ್ನು ಕೆದಕುವುದೇಕೆ...

ಮಾರ್ಚ್ ೩
ನಿನ್ನೆ ಮಧ್ಯಾಹ್ನ ಅಪ್ಪನಿಗೆ ಹಾರ್ಟ್ ಅಟ್ಯಾಕ್. ಬಚ್ಚಲ ಬಾಗಿಲಲ್ಲಿ ಕುಸಿದರು. ಸಂಜೆಯವರೆಗೂ ಐಸಿಯು ಬಾಗಿಲಲ್ಲಿ ಕೂತಿದ್ದೆ. ಡಾಕ್ಟರು ಈಗ 'ನೋಡೋಣ' ಅಂದಿದ್ದಾರೆ. ನಮ್ಮ ಆಫೀಸಿನಲ್ಲಿ ರಜೆ ಕೇಳಿದರೆ ಹೇಳುವ 'ನೋಡೋಣ' ಇದೆಯಲ್ಲ, ಅದೇ ದನಿ.

ಮಾರ್ಚ್ ೭
ಅಪ್ಪ ವಾರ್ಡಿಗೆ ಬಂದಿದ್ದಾರೆ. ಕಣ್ಣು ಬಿಟ್ಟ ಕೂಡಲೇ ಪೇಪರ್ ಕೇಳಿದರು. ಗುಬ್ಬಿ ಕಾಲ ಬಳಿ ಕೂತಿದ್ದಳು. ಅವಳಿಗೆ ಹೇಳಬೇಕಾದ್ದನ್ನು ನನಗೆ ಹೇಳಿದರು: 'ಅವಳು ಓಡೋಕೆ ಹೋಗ್ಲಿ.' ಗುಬ್ಬಿ ಎದ್ದು ಹೊರಟಳು.

ನಾನು ಸ್ಲೇಟ್ ಕೈಗೆತ್ತಿಕೊಂಡೆ. 'ಊಟ ಆಯ್ತಾ?' ಎಂದು ಬರೆದೆ.

ಮಾರ್ಚ್ ೮, ಸಂಜೆ ೬
ನಾಲ್ಕನೆಯವಳು.

ನಾಲ್ಕನೆಯವರ ಮುಂದೆ ಯಾರೂ ಮೈಕ್ ಹಿಡಿಯುವುದಿಲ್ಲ. ವರದಿಯಲ್ಲಿ ಅವಳ ಹೆಸರು ಮಾತ್ರ ಇದೆ, ಕಂಸದೊಳಗೆ.

ಸಂಜೆ ೬.೪೦
ಸೇರಿಸಿದೆ. 'ಸೋತೆ, ಆದರೂ ದೇವರು ಕೈಬಿಡಲಾರ' ಎಂದು ನಾಲ್ಕನೆಯ ಸ್ಥಾನ ಪಡೆದ ಓಟಗಾರ್ತಿ ಹೇಳಿದರು. ಜಾಗಕ್ಕಾಗಿ ಗೆದ್ದವಳ ದೇವರನ್ನು ಕತ್ತರಿಸಬೇಕಾಯಿತು.

ಮಾರ್ಚ್ ೯
ಅಪ್ಪನ ಬೆರಳು ಆ ಸಾಲಿನಲ್ಲಿ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. ಗುಬ್ಬಿಯನ್ನು ಹತ್ತಿರ ಕರೆದರು. ಒಂದು ತಿಂಗಳ ನಂತರ ಅವಳಿಗೇ ಆಡಿದ ಮಾತು: 'ಸೋತಾಗ್ಲೂ ಹೇಳಿದೆಯಲ್ಲಮ್ಮ. ಇಷ್ಟು ಸಾಕು.' ತಲೆಯ ಮೇಲೆ ಕೈಯಿಟ್ಟರು. ಸೂಜಿ ಚುಚ್ಚಿದ್ದ ಕೈ. ನರ್ಸ್ ಗದರಿದರೂ ತೆಗೆಯಲಿಲ್ಲ. ಗುಬ್ಬಿ ನನ್ನನ್ನು ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ ಹೌದೆಂದು ತಲೆಯಾಡಿಸಿದಳು.

ವರಾಂಡದಲ್ಲಿ ಹೇಳಿದಳು: 'ನಾನು ಯಾರ ಹತ್ರಾನೂ ಮಾತಾಡಿಲ್ಲ ಅಣ್ಣ. ಓಟ ಮುಗಿದ ಮೇಲೆ ಶೂ ಬಿಚ್ಚುತ್ತಾ ದೇವರನ್ನ ಬೈದೆ. ಹೇಳಿದ್ದನ್ನ ಅಪ್ಪ ನಂಬಲಿಲ್ಲ. ಹೇಳದೇ ಇದ್ದಿದ್ದಕ್ಕೆ ತಲೆ ಮೇಲೆ ಕೈ ಇಟ್ರು.'



ಮಾರ್ಚ್ ೧೧
ಅಪ್ಪ ಹೋದರು. ಬೆಳಿಗ್ಗೆ ಐದೂವರೆ.

ಮಾರ್ಚ್ ೨೯
ಗುಬ್ಬಿಯ ಜೊತೆ ಮೈದಾನಕ್ಕೆ ಹೋಗಿದ್ದೆ, ವಾಚ್ ಹಿಡಿಯಲು. ಗೆರೆ ಮುಟ್ಟಲಿಲ್ಲ ಅವಳು. ನೇರ ಓಡಿದಳು. ಒಳ್ಳೆಯ ಟೈಮೇ ಬಂತು.

ನೀರು ಕುಡಿಯುತ್ತಾ ಕೇಳಿದಳು, ಆ ಸಾಲು ಎಲ್ಲಿಂದ ತಂದೆ ಎಂದು. ಹನ್ನೊಂದು ವರ್ಷದ ಅನುಭವ, ಓಟಗಾರರ ದೇವರೆಲ್ಲ ನನಗೆ ಬಾಯಿಪಾಠ ಅಂದೆ. ನಂಬಿದಳು.

ಸುಳ್ಳು. ಅದು ಎರಡನೇ ತಾರೀಕಿನದು, ಐಸಿಯು ಬಾಗಿಲಿನದು. ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಗೋಡೆಗೆ ಹಣೆ ಒತ್ತಿ, ಗಟ್ಟಿಯಾಗಿಯೇ ಹೇಳಿದೆ — ದೇವರೇ, ಸೋತೆ, ಕೈಬಿಡಬೇಡ. ಸ್ಟ್ರೆಚರ್ ತಳ್ಳುವವನು ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್ ಅನ್ನುವವರೆಗೂ ಹೇಳುತ್ತಲೇ ಇದ್ದೆ. ಪೇಪರಿಗೆ ಹಾಕುವಾಗ ಒಂದು ಸಾಲು ಕತ್ತರಿಸಿದೆ, ಅಭ್ಯಾಸಬಲ, ಕೊನೆಯದನ್ನೇ: ಒಂದೇ ಒಂದು ದಿನ ಕೊಡು, ಅಪ್ಪನಿಗೆ ನಿಜ ಹೇಳಿಬಿಡುತ್ತೇನೆ.

ಒಂಬತ್ತು ದಿನ ಕೊಟ್ಟ. ಸ್ಲೇಟು ಮಂಚದ ಮೇಲೇ ಇತ್ತು, ಬಳಪ ನನ್ನ ಜೇಬಿನಲ್ಲೇ ಇತ್ತು, ಒಂಬತ್ತರಲ್ಲಿ ಒಂದು ದಿನವೂ ನಾನು —